ನಾಲ್ಕು ಸಣ್ಣ ವೂಫರ್‌ಗಳಿಂದ ಒಂದು ಸಬ್‌ವೂಫರ್

ನನ್ನ ಮೇಜಿನ ಮೇಲಿರುವ ಜೋಡಿ ಸ್ಪೀಕರ್‌ಗಳು ಮೂರು ಇಂಚಿನವು. ಸಂಗೀತ ಕಛೇರಿಯ ಧ್ವನಿಮುದ್ರಣ ಹಾಕಿದರೆ ಮೃದಂಗದ ಬಲಗಡೆಯ ಛಾಪು ಸ್ಪಷ್ಟವಾಗಿ ಬರುತ್ತದೆ. ಎಡಗಡೆಯ ತೊಪ್ಪಿ ಮಾತ್ರ ಪಕ್ಕದ ಕೋಣೆಯಲ್ಲಿ ಯಾರೋ ದಪ್ಪ ಪುಸ್ತಕ ಮುಚ್ಚಿದಂತೆ ಕೇಳಿಸುತ್ತದೆ. ಈ ಕೊರತೆ ನೀಗಲು ಒಂದು ಸಬ್‌ವೂಫರ್, ಅಂದರೆ ಮಂದ್ರ ಸ್ವರಗಳಿಗೆಂದೇ ಇರುವ ಸ್ಪೀಕರ್ ಪೆಟ್ಟಿಗೆ, ಬೇಕಾಗಿತ್ತು. ಆದರೆ ಬೆಂಗಳೂರಿನ ಬಾಡಿಗೆ ಮನೆಯ 12 ಅಡಿ ಉದ್ದ, 10 ಅಡಿ ಅಗಲದ ಕೋಣೆಯಲ್ಲಿ ಅದಕ್ಕೆ ಸಿಗುವ ಜಾಗವೆಂದರೆ ಮೇಜಿನ ಕೆಳಗಿನ 35 ಸೆಂ.ಮೀ. ಸಂದು ಒಂದೇ. ಹತ್ತು ಇಂಚಿನ ವೂಫರ್ (ಮಂದ್ರ ಹೊರಡಿಸುವ ಸ್ಪೀಕರ್) ಇರುವ ಸಾಮಾನ್ಯ ಪೆಟ್ಟಿಗೆ ಅಲ್ಲಿ ಹಿಡಿಯುವುದು ಕಷ್ಟವಿತ್ತು.

ಮಂದ್ರ ಸ್ವರಕ್ಕೆ ದೊಡ್ಡ ಸ್ಪೀಕರ್ ಬೇಕು ಎನ್ನುವುದು ಅರ್ಧ ಸತ್ಯ. ನಿಜವಾಗಿ ಬೇಕಾದುದು ಹೆಚ್ಚು ಗಾಳಿಯನ್ನು ತಳ್ಳುವ ಶಕ್ತಿ. ಅಂದರೆ ಕೋನ್‌ನ (ಸ್ಪೀಕರಿನಲ್ಲಿ ಕಂಪಿಸುವ ಶಂಕುವಿನಾಕಾರದ ಭಾಗದ) ವಿಸ್ತೀರ್ಣ ಮತ್ತು ಅದು ಮುಂದೆ ಹಿಂದೆ ಚಲಿಸುವ ದೂರ, ಇವೆರಡರ ಗುಣಲಬ್ಧ. ಅಷ್ಟೇ ಜೋರಾದ ಸದ್ದನ್ನು ಒಂದು ಸ್ಥಾಯಿ ಕೆಳಗೆ ಇಳಿಸಬೇಕೆಂದರೆ ನಾಲ್ಕು ಪಟ್ಟು ಗಾಳಿಯನ್ನು ತಳ್ಳಬೇಕಾಗುತ್ತದೆ. ಐದೂಕಾಲು ಇಂಚಿನ ವೂಫರ್‌ನಲ್ಲಿ ಸುತ್ತಲಿನ ರಬ್ಬರ್ ಅಂಚಿನ ಅರ್ಧವನ್ನೂ ಸೇರಿಸಿ ಅಳೆದರೆ ವ್ಯಾಸ 10.5 ಸೆಂ.ಮೀ., ವಿಸ್ತೀರ್ಣ ಸುಮಾರು 86 ಚದರ ಸೆಂ.ಮೀ. ಅಂಥ ನಾಲ್ಕನ್ನು ಸೇರಿಸಿದರೆ ಹೆಚ್ಚುಕಡಿಮೆ ಒಂದು ಹತ್ತು ಇಂಚಿನ ವೂಫರ್‌ನ ವಿಸ್ತೀರ್ಣವೇ ಸಿಗುತ್ತದೆ. ಹಾಗಾಗಿ ಹತ್ತು ಇಂಚನ್ನು ಬಿಡಿಸಿ ನಾಲ್ಕು ಕಡೆ ಹಂಚಿದರಾಯಿತು ಎಂದು ಲೆಕ್ಕ ಹಾಕಿದೆ.

ಎಸ್‌ಪಿ ರೋಡಿನ ಒಂದು ಅಂಗಡಿಯಲ್ಲಿ 4 ಓಮ್‌ನ ಐದೂಕಾಲು ಇಂಚಿನ ವೂಫರ್‌ಗಳು ತಲಾ 450 ರೂಪಾಯಿಗೆ ಸಿಕ್ಕಿದವು. ಬೇಕಾದದ್ದು ನಾಲ್ಕಾದರೂ ಆರು ತಂದೆ. ಇಷ್ಟು ಅಗ್ಗದ ಸಾಮಾನಿನಲ್ಲಿ ಒಂದಕ್ಕೊಂದು ಹೊಂದುವಂಥವನ್ನು ಆರಿಸಿಕೊಳ್ಳಲು ಅವಕಾಶ ಇರಲೇಬೇಕು. ಹಿಂಬದಿಯ ಚೀಟಿಯಲ್ಲಿ 200 ವಾಟ್ ಎಂದು ಮುದ್ರಿಸಿತ್ತು. ಆ ಅಂಕಿಯನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಅಂಗಡಿಯಲ್ಲಿಯೇ ಕೋನನ್ನು ಬೆರಳ ತುದಿಯಿಂದ ಮೆಲ್ಲಗೆ ಒತ್ತಿ, ಒಳಗೆ ಕೋನನ್ನು ಆಡಿಸುವ ತಂತಿಸುರುಳಿಯಾದ ವಾಯ್ಸ್ ಕಾಯಿಲ್ ಎಲ್ಲಿಯೂ ಉಜ್ಜುತ್ತಿಲ್ಲವೆಂದೂ, ಅಂಚು ಫೋಮಿನದಲ್ಲ, ರಬ್ಬರಿನದು ಎಂದೂ ಖಚಿತಪಡಿಸಿಕೊಂಡೆ. ನಮ್ಮ ಹವೆಯಲ್ಲಿ ಫೋಮ್ ಕೆಲವೇ ವರ್ಷಗಳಲ್ಲಿ ಪುಡಿಪುಡಿಯಾಗಿ ಉದುರುವುದನ್ನು ಹಳೆಯ ಟೇಪ್‌ರೆಕಾರ್ಡರುಗಳಲ್ಲಿ ಸಾಕಷ್ಟು ಕಂಡಿದ್ದೇನೆ.

ಈ ವೂಫರ್‌ಗಳ ಜೊತೆ ಯಾವ ವಿವರಪತ್ರವೂ ಇರಲಿಲ್ಲ. ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲಿ ಆರಂಭಿಸಿ, ರಿಚರ್ಡ್ ಸ್ಮಾಲ್ 1970ರ ದಶಕದ ಮೊದಲ ವರ್ಷಗಳಲ್ಲಿ ಮುಂದುವರಿಸಿದ ಲೆಕ್ಕಾಚಾರದ ಕ್ರಮವೊಂದಿದೆ; ಸ್ಪೀಕರಿನ ಕೆಲವು ಅಳತೆಗಳು ತಿಳಿದಿದ್ದರೆ, ಅದು ಯಾವ ಪೆಟ್ಟಿಗೆಯಲ್ಲಿ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ಮರ ಕೊಯ್ಯುವ ಮೊದಲೇ ಹೇಳಬಹುದು. ಆ ಅಳತೆಗಳನ್ನು ನಾನೇ ತೆಗೆಯಬೇಕಾಯಿತು. ಹಳೆಯ ಆಂಪ್ಲಿಫೈಯರ್‌ನಿಂದ 1 ಕಿಲೋ ಓಮ್ ರೆಸಿಸ್ಟರ್ ಮೂಲಕ ವೂಫರ್‌ಗೆ ಸಂಪರ್ಕ ಕೊಟ್ಟು, ಮೊಬೈಲಿನಿಂದ ಒಂದೊಂದೇ ಹರ್ಟ್ಸ್ ಏರಿಸುತ್ತ ಶುದ್ಧ ಸ್ವರವನ್ನು ಕಳಿಸಿ, ವೂಫರ್‌ನ ಎರಡು ತುದಿಗಳ ನಡುವಿನ ವೋಲ್ಟೇಜನ್ನು ಮಲ್ಟಿಮೀಟರಿನಲ್ಲಿ ನೋಡುತ್ತ ಕುಳಿತೆ. ಯಾವ ಆವೃತ್ತಿಯಲ್ಲಿ ವೋಲ್ಟೇಜ್ ಅತಿ ಹೆಚ್ಚಾಗುತ್ತದೆಯೋ ಅದೇ ಅದರ ಅನುರಣನ ಆವೃತ್ತಿ, ಅಂದರೆ ಕೋನ್ ತಾನಾಗಿಯೇ ಅತಿ ಸುಲಭವಾಗಿ ಕಂಪಿಸುವ ಆವೃತ್ತಿ. ಹೊಸತರಲ್ಲಿ ಎಲ್ಲವೂ 64 ಹರ್ಟ್ಸ್ ಆಸುಪಾಸಿನಲ್ಲಿದ್ದವು. ಒಂದು ರಾತ್ರಿ ಪೂರ್ತಿ ಕೆಳಸ್ವರದಲ್ಲಿ ಆಡಿಸಿದ ಮೇಲೆ ಸಡಿಲಗೊಂಡು ನಾಲ್ಕು ವೂಫರ್‌ಗಳು 58ಕ್ಕೆ ಬಹಳ ಹತ್ತಿರ ಬಂದು ನಿಂತವು. ಉಳಿದೆರಡನ್ನು ಬದಿಗಿಟ್ಟೆ.

ಮುಂದಿನ ಹೆಜ್ಜೆಯಲ್ಲಿ ಕೋನ್ ಮೇಲೆ ತೂಕ ಗೊತ್ತಿರುವ ಏನನ್ನಾದರೂ ಇಟ್ಟು, ಅನುರಣನೆ ಎಷ್ಟು ಕೆಳಗೆ ಬರುತ್ತದೆ ಎಂದು ನೋಡಬೇಕು. ಸುಲಭವೆಂದು ಎರಡು ಒಂದು ರೂಪಾಯಿ ನಾಣ್ಯಗಳನ್ನು ಅಂಟುಪಟ್ಟಿಯಿಂದ ಹಚ್ಚಿದೆ. ಬಂದ ಅಂಕಿ ಯಾವ ಲೆಕ್ಕಕ್ಕೂ ಹೊಂದಲಿಲ್ಲ. ಅರ್ಧ ಗಂಟೆ ತಲೆ ಕೆರೆದುಕೊಂಡ ಮೇಲೆ ಹೊಳೆಯಿತು: ಆ ನಾಣ್ಯ ಅಯಸ್ಕಾಂತಕ್ಕೆ ಅಂಟುವ ಸ್ಟೀಲಿನದು, ಕೆಳಗಿರುವ ಮ್ಯಾಗ್ನೆಟ್ ಅದನ್ನು ಕೋನ್ ಸಮೇತ ಒಳಕ್ಕೆ ಎಳೆಯುತ್ತಿತ್ತು! ಮಕ್ಕಳು ಆಡುವ ಬಣ್ಣದ ಜೇಡಿಯನ್ನು ಚಿನ್ನ ತೂಗುವ ಪುಟ್ಟ ತಕ್ಕಡಿಯಲ್ಲಿ 8 ಗ್ರಾಂ ತೂಗಿ, ಎಳೆ ಮಾಡಿ ಕೋನ್‌ನ ನಡುವಿನ ಟೊಪ್ಪಿಯ ಸುತ್ತ ಒತ್ತಿದಾಗ ಅನುರಣನೆ 58ರಿಂದ 42ಕ್ಕೆ ಇಳಿಯಿತು. ಇದರಿಂದ ಚಲಿಸುವ ಭಾಗದ ತೂಕ 8.8 ಗ್ರಾಂ ಎಂದೂ, ಕೋನನ್ನು ತೂಗಿ ಹಿಡಿದಿರುವ ಭಾಗಗಳ ಮೆದುತನ ಸುಮಾರು 9 ಲೀಟರ್ ಗಾಳಿಯ ಮೆದುತನಕ್ಕೆ ಸಮ ಎಂದೂ ಲೆಕ್ಕ ಬಂತು. ಕ್ಯೂಟಿಎಸ್ ಎಂಬ ಅಂಕಿ, ಅಂದರೆ ಕಂಪನ ಎಷ್ಟು ಬೇಗ ಅಡಗುತ್ತದೆ ಎಂಬುದರ ಸೂಚಿ (ಅಂಕಿ ಹೆಚ್ಚಿದಷ್ಟೂ ಅಡಗುವುದು ನಿಧಾನ), 0.6 ಬಂತು.

ಈ 0.6 ಪೆಟ್ಟಿಗೆಯ ಬಗೆಯನ್ನು ನಿರ್ಧರಿಸಿಬಿಟ್ಟಿತು. ಇಷ್ಟು ಹೆಚ್ಚಿನ ಕ್ಯೂಟಿಎಸ್ ಇರುವ ವೂಫರನ್ನು ಕೊಳವೆ ಇಟ್ಟ ಪೆಟ್ಟಿಗೆಗೆ ಹಾಕಿದರೆ ಒಂದೇ ಸ್ವರ ಗುಂಯ್‌ಗುಟ್ಟುತ್ತದೆ. ಅದೂ ಅಲ್ಲದೆ, 20 ಲೀಟರಿನ ಪೆಟ್ಟಿಗೆಯನ್ನು 40 ಹರ್ಟ್ಸ್‌ಗೆ ಶ್ರುತಿ ಮಾಡಲು 7.5 ಸೆಂ.ಮೀ. ಒಳವ್ಯಾಸದ ಪಿವಿಸಿ ಪೈಪ್ ಸುಮಾರು 36 ಸೆಂ.ಮೀ. ಉದ್ದ ಬೇಕಾಗುತ್ತಿತ್ತು, ನನ್ನ ಪೆಟ್ಟಿಗೆಯ ಒಳಗಿನ ಅಳತೆಯೇ 28.4 ಸೆಂ.ಮೀ. ಆದ್ದರಿಂದ ಪೂರ್ತಿ ಮುಚ್ಚಿದ ಪೆಟ್ಟಿಗೆಯನ್ನೇ ಆರಿಸಿದೆ. 1954ರಲ್ಲಿ ಅಮೆರಿಕದ ಎಡ್ಗರ್ ವಿಲ್ಚರ್ ತಮ್ಮ ಎಆರ್-1 ಸ್ಪೀಕರಿನಲ್ಲಿ ತೋರಿಸಿಕೊಟ್ಟಂತೆ, ಇಲ್ಲಿ ಒಳಗೆ ಸಿಕ್ಕಿಕೊಂಡ ಗಾಳಿಯೇ ಸ್ಪ್ರಿಂಗ್ ಆಗಿ ಕೆಲಸ ಮಾಡುತ್ತದೆ. ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ನಾಲ್ಕು ವೂಫರ್‌ಗಳಿಗೆ 20 ಲೀಟರ್ ಗಾಳಿ ಬಹಳ ಗಟ್ಟಿ ಸ್ಪ್ರಿಂಗ್. 58 ಹರ್ಟ್ಸ್ ಇದ್ದ ಅನುರಣನೆ 97ಕ್ಕೆ ಏರುತ್ತದೆ ಎಂದು ಸೂತ್ರ ಹೇಳಿತು. ದಿಂಬಿಗೆ ತುಂಬುವ ಪಾಲಿಯೆಸ್ಟರ್ ಹತ್ತಿಯನ್ನು ಹಗುರವಾಗಿ ಬಿಡಿಸಿ ತುಂಬಿದ ಮೇಲೆ ಅಳೆದಾಗ 92 ಬಂತು.

ಪೆಟ್ಟಿಗೆ 18 ಮಿ.ಮೀ. ಪ್ಲೈವುಡ್ಡಿನದು, ಹೊರ ಅಳತೆ ಎಲ್ಲ ದಿಕ್ಕಿಗೂ 32 ಸೆಂ.ಮೀ. ಹಲಗೆಗಳನ್ನು ಅಂಗಡಿಯ ಯಂತ್ರದಲ್ಲಿಯೇ ಕೊಯ್ಯಿಸಿಕೊಂಡೆ; ಕೈಗರಗಸದಲ್ಲಿ ಆ ನೇರ ಅಂಚು ನನ್ನಿಂದ ಬರುವುದಿಲ್ಲ. ಎಡ ಹಲಗೆಗೆ ಎರಡು, ಬಲ ಹಲಗೆಗೆ ಎರಡು ವೂಫರ್‌ಗಳು ಬೆನ್ನಿಗೆ ಬೆನ್ನು ಕೊಟ್ಟಂತೆ ಕೂರುತ್ತವೆ, ನಡುವೆ ಕಿಟಕಿಯಂತೆ ಕತ್ತರಿಸಿದ ಅಡ್ಡಹಲಗೆಯೊಂದಿದೆ. ಹೀಗೆ ಎದುರುಬದುರು ಇಟ್ಟಾಗ ಒಂದು ಬದಿಯ ಕೋನ್‌ಗಳು ಪೆಟ್ಟಿಗೆಯನ್ನು ಹಿಂದಕ್ಕೆ ತಳ್ಳುವ ಬಲವನ್ನು ಇನ್ನೊಂದು ಬದಿಯವು ರದ್ದು ಮಾಡುತ್ತವೆ. ಕೆಲಸ ಮುಗಿದ ಮೇಲೆ ಪೆಟ್ಟಿಗೆಯ ತಲೆಯ ಮೇಲೆ ಐದು ರೂಪಾಯಿ ನಾಣ್ಯವನ್ನು ಅಂಚಿನ ಮೇಲೆ ನಿಲ್ಲಿಸಿ ಡೊಳ್ಳಿನ ಧ್ವನಿಮುದ್ರಣ ಹಾಕಿದೆ. ಕೋನ್‌ಗಳು ಕಣ್ಣಿಗೆ ಕಾಣುವಷ್ಟು ಹಾರುತ್ತಿದ್ದರೂ ನಾಣ್ಯ ಬೀಳಲಿಲ್ಲ.

ಅಲ್ಲಿಗೆ ಬರುವ ಮೊದಲು ಒಂದು ದಿನ ಪೂರ್ತಿ ಹಾಳಾಯಿತು. ಒಂದೇ ಬದಿಯ ಎರಡೆರಡನ್ನು ಸರಣಿಯಲ್ಲಿ, ಆ ಎರಡು ಜೋಡಿಗಳನ್ನು ಸಮಾನಾಂತರದಲ್ಲಿ ಸೇರಿಸಿ ಒಟ್ಟು 4 ಓಮ್ ಆಗುವಂತೆ ತಂತಿ ಎಳೆದು, ಹಚ್ಚಿ ಕೇಳಿದರೆ ಮಂದ್ರವೇ ಇಲ್ಲ. ಕೊನೆಗೆ 1.5 ವೋಲ್ಟ್ ಸೆಲ್ಲನ್ನು ಪ್ರತಿ ವೂಫರಿಗೂ ಮುಟ್ಟಿಸಿ ನೋಡಿದಾಗ, ಮೂರರ ಕೋನ್ ಹೊರಕ್ಕೆ ಬಂದರೆ ಒಂದರದು ಒಳಕ್ಕೆ ಹೋಯಿತು. ಅದರ ಕೆಂಪು ಗುರುತೇ ತಪ್ಪು ಕಡೆಗೆ ಬಿದ್ದಿತ್ತು. ಅಂದಿನಿಂದ ಗುರುತನ್ನು ನಂಬುವುದನ್ನು ಬಿಟ್ಟು ಸೆಲ್ಲನ್ನೇ ನಂಬುತ್ತೇನೆ.

ಗಾಳಿ ಸೋರುವುದನ್ನು ಪತ್ತೆ ಹಚ್ಚಲು ಊದುಬತ್ತಿ ಸಾಕಾಯಿತು. 30 ಹರ್ಟ್ಸ್ ಸ್ವರವನ್ನು ಮೆಲ್ಲಗೆ ಬಿಟ್ಟು ಊದುಬತ್ತಿಯನ್ನು ಕೂಡುಗೆರೆಗಳ ಉದ್ದಕ್ಕೂ ಸರಿಸಿದೆ. ತಂತಿ ಹೊರಬರುವ ತೂತಿನ ಬಳಿ ನೆಟ್ಟಗೆ ಏರುತ್ತಿದ್ದ ಹೊಗೆ ತಟ್ಟನೆ ನಡುಗಿತು. ಅಲ್ಲಿಗೆ ಎಂ-ಸೀಲ್ ಮೆತ್ತಿದೆ.

ಇನ್ನು ವಿದ್ಯುತ್ತಿನ ಭಾಗ. 92 ಹರ್ಟ್ಸ್‌ಗಿಂತ ಕೆಳಗೆ ತಾನಾಗಿ ಇಳಿಯುವ ಸದ್ದನ್ನು 45 ಹರ್ಟ್ಸ್‌ವರೆಗೆ ಎತ್ತಿ ಹಿಡಿಯಲು ಸೀಗ್‌ಫ್ರೀಡ್ ಲಿಂಕ್‌ವಿಟ್ಸ್ ಅವರ ಹೆಸರಿನ ಪರಿವರ್ತಕ ಮಂಡಲವನ್ನು ಬಳಸಿದೆ. ಎರಡು ಎನ್‌ಇ5532 ಐಸಿಗಳಲ್ಲಿ ನಾಲ್ಕು ಆಪ್-ಆಂಪ್‌ಗಳಿವೆ (ಸಂಕೇತವನ್ನು ಕೂಡಿಸುವ, ಎತ್ತುವ, ಸೋಸುವ ಕೆಲಸಕ್ಕೆ ಬಳಸುವ ಪುಟ್ಟ ಆಂಪ್ಲಿಫೈಯರ್‌ಗಳು): ಒಂದು ಎಡ ಬಲ ಚಾನಲ್‌ಗಳನ್ನು ಕೂಡಿಸುತ್ತದೆ, ಒಂದು ಈ ಪರಿವರ್ತಕ, ಒಂದು 100 ಹರ್ಟ್ಸ್‌ಗಿಂತ ಮೇಲಿನದನ್ನು ತಡೆಯುವ ಫಿಲ್ಟರ್. ನಾಲ್ಕನೆಯದನ್ನು ಮೊದಲು ಖಾಲಿ ಬಿಟ್ಟಿದ್ದೆ. ಆಂಪ್ಲಿಫೈಯರ್ ಟಿಪಿಎ3118 ಐಸಿಯ ಸಣ್ಣ ಬೋರ್ಡ್, ಅದಕ್ಕೆ ವಿದ್ಯುತ್ ಒದಗಿಸಲು 24 ವೋಲ್ಟ್ 5 ಆಂಪಿಯರ್ ಎಸ್‌ಎಂಪಿಎಸ್. 4 ಓಮ್‌ಗೆ ಹೆಚ್ಚೆಂದರೆ 60 ವಾಟ್ ಕೊಡುತ್ತದೆ. ಪರಿವರ್ತಕ ಕೆಳಸ್ವರಗಳನ್ನು ಸುಮಾರು 12 ಡೆಸಿಬೆಲ್ ಎತ್ತುವುದರಿಂದ ಅಲ್ಲಿ ಹದಿನಾರು ಪಟ್ಟು ಶಕ್ತಿ ಖರ್ಚಾಗುತ್ತದೆ. ಕೋನ್ 3.5 ಮಿ.ಮೀ. ಚಲಿಸಲು ಆ ಗಟ್ಟಿ ಗಾಳಿಯ ಸ್ಪ್ರಿಂಗನ್ನು ಒತ್ತಬೇಕಾದ ಬಲವನ್ನು ಲೆಕ್ಕ ಹಾಕಿದಾಗ ಒಟ್ಟು 58 ವಾಟ್ ಬಂತು. ಅಂದರೆ ವೂಫರ್‌ಗಳ ಮಿತಿಯೂ ಆಂಪ್ಲಿಫೈಯರಿನ ಮಿತಿಯೂ ಒಂದೇ ಕಡೆ ಮುಗಿಯುತ್ತವೆ. 45 ಹರ್ಟ್ಸ್‌ನಲ್ಲಿ ಒಂದು ಮೀಟರ್ ದೂರಕ್ಕೆ ಲೆಕ್ಕದ ಪ್ರಕಾರ 96 ಡೆಸಿಬೆಲ್. ಮದುವೆ ಮನೆಗೆ ಇದು ಸಾಲದು, ನನ್ನ ಕೋಣೆಗೆ ಬೇಕಾದಷ್ಟಾಯಿತು. ಬೇಸ್ ಗಿಟಾರಿನ ಅತಿ ಕೆಳಗಿನ ತಂತಿ 41 ಹರ್ಟ್ಸ್. ಅದು ನಾಲ್ಕು ಡೆಸಿಬೆಲ್ ತಗ್ಗಿ ಬಂದರೂ ಬರುತ್ತದೆ.

ಒಂದು ಸಂಜೆ ಸಿನಿಮಾ ನೋಡುತ್ತಿದ್ದಾಗ ಸ್ಫೋಟದ ದೃಶ್ಯದಲ್ಲಿ ಪೆಟ್ಟಿಗೆಯಿಂದ ‘ಟಕ್’ ಎಂಬ ಗಟ್ಟಿ ಸದ್ದು ಬಂತು. ಕಿವಿಗೆ ಕೇಳದಷ್ಟು ಕೆಳಗಿನ ಆವೃತ್ತಿಗೆ ವಾಯ್ಸ್ ಕಾಯಿಲ್ ಹಿಂದಿನ ತಟ್ಟೆಗೆ ಬಡಿದಿತ್ತು. ಖಾಲಿ ಬಿಟ್ಟಿದ್ದ ನಾಲ್ಕನೆಯ ಆಪ್-ಆಂಪ್‌ನಿಂದ 30 ಹರ್ಟ್ಸ್‌ಗಿಂತ ಕೆಳಗಿನದನ್ನು ತಡೆಯುವ ಫಿಲ್ಟರ್ ಮಾಡಿದೆ, ಆ ಸದ್ದು ಮತ್ತೆ ಬರಲಿಲ್ಲ.

ಮೇಜಿನ ಕೆಳಗೆ ಇಡಲೆಂದೇ ಅಳತೆ ಮಾಡಿ ಕಟ್ಟಿದ ಪೆಟ್ಟಿಗೆ ಕೊನೆಗೆ ಅಲ್ಲಿ ಉಳಿಯಲಿಲ್ಲ. ಮೇಜಿರುವುದು ಕೋಣೆಯ ಮೂಲೆಯಲ್ಲಿ. 12 ಅಡಿಯ ಉದ್ದದಲ್ಲಿ 47 ಹರ್ಟ್ಸ್‌ನ ನಿಂತ ಅಲೆ (ಗೋಡೆಗಳ ನಡುವೆ ಪ್ರತಿಫಲಿಸಿ ಕೆಲವೆಡೆ ಸದ್ದನ್ನು ಹಿಗ್ಗಿಸುವ, ಕೆಲವೆಡೆ ಕುಗ್ಗಿಸುವ ಅಲೆ) ಏಳುತ್ತದೆ, ಮೂಲೆಯಿಂದ ಅದು ಇನ್ನಷ್ಟು ಕೆರಳುತ್ತದೆ. ಪೆಟ್ಟಿಗೆಗೆ ಒಳ್ಳೆಯ ಜಾಗ ಹುಡುಕಲು ಸಬ್‌ವೂಫರನ್ನು ನಾನು ಕೂರುವ ಕುರ್ಚಿಯ ಮೇಲಿಟ್ಟು, ನಾನು ನೆಲದ ಮೇಲೆ ಅಂಬೆಗಾಲಿಡುತ್ತ ಗೋಡೆಯುದ್ದಕ್ಕೂ ಕಿವಿಗೊಟ್ಟು ಹೋದೆ. ಬಾಗಿಲಲ್ಲಿ ನಿಂತು ನೋಡಿದ ಅಮ್ಮ, “ಏನೋ ಅದು, ಏನು ಕಳ್ಕೊಂಡೆ?” ಎಂದು ತಾವೂ ಬಗ್ಗಿ ಹುಡುಕತೊಡಗಿದರು. ಉದ್ದ ಗೋಡೆಯ ನಡುವಿಗೆ ಬಂದಾಗ ಮೃದಂಗದ ಪ್ರತಿ ಪೆಟ್ಟೂ ಬಿಡಿಬಿಡಿಯಾಗಿ ಕೇಳಿಸಿತು. ಆ ಅಲೆಯ ಒತ್ತಡ ಅತಿ ಕಡಿಮೆ ಇರುವ ಜಾಗ ಅದು. ಈಗ ಪೆಟ್ಟಿಗೆ ಅಲ್ಲಿಯೇ ಇದೆ, ಅದರ ಮೇಲೆ ಅಮ್ಮ ದಿನಪತ್ರಿಕೆಗಳನ್ನು ಪೇರಿಸಿಡುತ್ತಾರೆ.

ಬೇಡವಾದ ಎರಡು ವೂಫರ್‌ಗಳೂ ಸೇರಿ ಒಟ್ಟು ಆರು ಸಾವಿರ ರೂಪಾಯಿ ಖರ್ಚಾಯಿತು. ಬಹಳ ದಿನ ಕಾಡಿದ ಒಂದು ಜರಜರ ಸದ್ದಿಗಾಗಿ ಎಲ್ಲ ಸ್ಕ್ರೂಗಳನ್ನೂ ಎರಡು ಸಲ ಬಿಗಿಮಾಡಿದ್ದೆ. ಒಂದೊಂದೇ ಹರ್ಟ್ಸ್ ಏರಿಸುತ್ತ ಹುಡುಕಿದಾಗ ಅದು 52ರಲ್ಲಿ ಮಾತ್ರ ಏಳುತ್ತಿತ್ತು, ಪೆಟ್ಟಿಗೆಯಿಂದಲ್ಲ, ಗೋಡೆಯಾಚೆ ಅಡುಗೆಮನೆಯ ಸ್ಟ್ಯಾಂಡಿನಲ್ಲಿ ಒಂದಕ್ಕೊಂದು ತಾಗಿಕೊಂಡಿದ್ದ ಸ್ಟೀಲ್ ತಟ್ಟೆಗಳಿಂದ. ನಡುವೆ ಒಂದು ಹಳೆಯ ಟವೆಲ್ ತುರುಕಿದೆ.