ನಾಯಿಯ ಕಲ್ಲಿನಿಂದ ಶುರು ಮಾಡಿದೆ

ನಾನು ಮದ್ದೂರು ಕಡೆಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಎಂಟು, ಒಂಬತ್ತನೇ ಕ್ಲಾಸು. ಶಿಲ್ಪ, ಸಂಗೀತ, ಹಳೆಯ ಕಾಲದವರ ಬದುಕು, ಇದರ ರುಚಿ ಮಕ್ಕಳಿಗೆ ಹತ್ತಬೇಕು ಅಂತ ಶನಿವಾರದ ಕೊನೆಯ ಪಿರಿಯಡ್ಡನ್ನು ಕೇಳಿ ತೆಗೆದುಕೊಂಡೆ. ಮೊದಲ ವರ್ಷ ಬಾದಾಮಿ, ಐಹೊಳೆ, ಹಳೇಬೀಡು ಅಂತ ಒಂದಾದ ಮೇಲೊಂದು ಚಿತ್ರ ತೋರಿಸಿ "ಎಷ್ಟು ಚೆನ್ನಾಗಿದೆ ನೋಡಿ" ಅಂದೆ. ನೋಡಿದರು. ಸೋಮವಾರ ಕೇಳಿದರೆ ಒಬ್ಬರಿಗೂ ಒಂದೂ ನೆನಪಿಲ್ಲ. ಚೆನ್ನಾಗಿದೆ ಅನ್ನೋದನ್ನು ನಾನೇ ಹೇಳಿಬಿಟ್ಟರೆ ಅವರು ಹುಡುಕೋದಕ್ಕೆ ಏನು ಉಳಿಯುತ್ತೆ?

ಮುಂದಿನ ವರ್ಷ ಒಂದು ನಾಯಿಯಿಂದ ಶುರು ಮಾಡಿದೆ. ನಮ್ಮ ತಾಲ್ಲೂಕಿನದೇ ಆತಕೂರಿನ ಕಲ್ಲು. ಕ್ರಿ.ಶ. 949ರ ಸುಮಾರಿನದು. ತಕ್ಕೋಲದಲ್ಲಿ ಚೋಳರ ಮೇಲೆ ಯುದ್ಧ ಗೆದ್ದ ಮೇಲೆ ಮಣಲೆರ ಅನ್ನುವ ವೀರನಿಗೆ ಒಡೆಯ "ಮೆಚ್ಚಿದೆ, ಏನು ಬೇಕೋ ಕೇಳು" ಅನ್ನುತ್ತಾನೆ. ಇಲ್ಲಿಗೆ ನಿಲ್ಲಿಸಿ ಮಕ್ಕಳನ್ನು ಕೇಳಿದೆ, ನೀವಾಗಿದ್ದರೆ ಏನು ಕೇಳುತ್ತಿದ್ದಿರಿ? ಚಿನ್ನ, ಊರು, ಕುದುರೆ, ಒಬ್ಬ ಬುಲೆಟ್ ಗಾಡಿ ಅಂದ. ಮಣಲೆರ ಕೇಳಿದ್ದು ಕಾಳಿ ಅನ್ನುವ ಬೇಟೆನಾಯಿಯನ್ನು. ಆಮೇಲೆ ಆ ಕಾಳಿ ಬೆಳತೂರಿನ ಗುಡ್ಡದಲ್ಲಿ ದೊಡ್ಡ ಹಂದಿಯ ಮೇಲೆ ಬಿತ್ತು. ಹಂದಿಯೂ ಸತ್ತಿತು, ಕಾಳಿಯೂ ಸತ್ತಿತು. ಮಣಲೆರ ಅದಕ್ಕೊಂದು ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟು, ಕಲ್ಲಿಗೆ ಪೂಜೆ ಮಾಡದೆ ಪೂಜಾರಿ ಊಟ ಮಾಡಬಾರದು ಅಂತಲೂ ಬರೆಸಿದ. ಈಗ ಆ ಕಲ್ಲು ಬೆಂಗಳೂರಿನ ಸರ್ಕಾರಿ ಮ್ಯೂಸಿಯಂಗೆ ಸೇರಿದೆ. ಅವತ್ತು ಕ್ಲಾಸಿನಲ್ಲಿ ಸದ್ದೇ ಇರಲಿಲ್ಲ. ಮನೆಯಲ್ಲಿ ನಾಯಿ ಸಾಕಿದವರು ಎಷ್ಟು ಜನ ಇದ್ದರು ಅಂತ ನನಗೆ ಆಗ ಗೊತ್ತಾಯಿತು.

ಆಮೇಲೆ ಒಂದೇ ಕೆಲಸ ಕೊಟ್ಟೆ. ನಿಮ್ಮೂರಿನಲ್ಲಿ ವೀರಗಲ್ಲು ಎಲ್ಲಿದೆ ಹುಡುಕಿ. ಅರಳೀಕಟ್ಟೆ ಪಕ್ಕ, ಕೆರೆ ಏರಿ ಮೇಲೆ, ಗದ್ದೆ ಬದುವಿನಲ್ಲಿ, ಎರಡು ವಾರದಲ್ಲಿ ಒಂಬತ್ತು ಕಲ್ಲು ಸಿಕ್ಕವು. ಒಂದು ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದರು.

ಹತ್ತಿರದ ಒಂದಕ್ಕೆ ಎಲ್ಲರನ್ನೂ ಸಂಜೆ ಕರೆದುಕೊಂಡು ಹೋದೆ. ಮಧ್ಯಾಹ್ನದ ಬಿಸಿಲಲ್ಲಿ ಹಳೆಯ ಕೆತ್ತನೆ ಕಾಣೋದೇ ಇಲ್ಲ, ಎಲ್ಲ ಒಂದೇ ಬೂದು ಬಣ್ಣ. ಕತ್ತಲಾಗುವಾಗ ಮೊಬೈಲ್ ಟಾರ್ಚನ್ನು ಎದುರಿನಿಂದ ಹಿಡಿಯದೆ, ಕಲ್ಲಿನ ಪಕ್ಕದಿಂದ, ಹೆಚ್ಚುಕಮ್ಮಿ ಕಲ್ಲಿಗೆ ತಾಗಿಸಿದ ಹಾಗೆ ಹಿಡಿಯಬೇಕು. ಆಗ ತಗ್ಗಿನಲ್ಲೆಲ್ಲ ನೆರಳು ತುಂಬಿಕೊಂಡು ಬಿಲ್ಲು, ಕತ್ತಿ, ಕಾಲಿನ ಗೆಜ್ಜೆ ಒಂದೊಂದೇ ಮೇಲೆದ್ದು ಬರುತ್ತವೆ. ಓದೋದು ಕೆಳಗಿನಿಂದ ಮೇಲಕ್ಕೆ. ಕೆಳಗಿನ ಅಂಕಣದಲ್ಲಿ ಕಾಳಗ, ನಡುವೆ ಅಪ್ಸರೆಯರು ಸತ್ತವನನ್ನು ಎತ್ತಿಕೊಂಡು ಹೋಗುವುದು, ಮೇಲೆ ಅವನು ಶಿವಲಿಂಗದ ಎದುರು ಕೂತಿರುವುದು. ಇದನ್ನು ನಾನು ಹೇಳಲಿಲ್ಲ. ಅವರೇ ಕಂಡುಹಿಡಿದರು, ನಾನು "ಕೆಳಗಿಂದ ನೋಡ್ರೋ" ಅಂದಿದ್ದಷ್ಟೇ. ಒಂದು ಮಾತು, ಅಕ್ಷರ ಎದ್ದು ಕಾಣಲಿ ಅಂತ ಸುಣ್ಣ, ಎಣ್ಣೆ ಬಳಿಯಬೇಡಿ, ಕೆರೆಯಲೂ ಬೇಡಿ. ಬರೀ ನೀರು ಸಾಕು.

ಸಂಗೀತ ಇದಕ್ಕಿಂತ ಕಷ್ಟವಾಯಿತು. ಒಂದು ಗಂಟೆ ಕಚೇರಿ ಕೇಳಿಸಿದರೆ ಮಕ್ಕಳು ಕೂರುವುದಿಲ್ಲ, ಕೂರಲೂ ಬೇಕಾಗಿಲ್ಲ. ಹಾರ್ಮೋನಿಯಂ ತಂದು ಬಿಳಿ ಮನೆ (ಬೆರಳಲ್ಲಿ ಒತ್ತುವ ಪಟ್ಟಿ) ಮುಟ್ಟಬೇಡಿ, ಐದು ಕರಿ ಮನೆ ಮಾತ್ರ ಒತ್ತಿ ಅಂದೆ. ಎರಡು ಕರಿ ಮನೆ ಜೋಡಿಯಾಗಿರುವ ಕಡೆಯಿಂದ ಒಂದು, ಎರಡು ಅಂತ ಎಣಿಸಿ, ಕರಿ ಮೂರನ್ನು ಷಡ್ಜ, ಅಂದರೆ ಆಧಾರದ 'ಸ' ಸ್ವರ, ಮಾಡಿಕೊಂಡು ಹೋದರೆ ಮೋಹನ ರಾಗದ ಸ್ವರಗಳು. ಅದೇ ಐದು ಮನೆ, ಷಡ್ಜ ಮಾತ್ರ ಕರಿ ಐದಕ್ಕೆ ಬದಲಾಯಿಸಿದರೆ ಹಿಂದೋಳ. ಕರಿ ನಾಲ್ಕಾದರೆ ಮಧ್ಯಮಾವತಿ. ಕರಿ ಒಂದು ಶುದ್ಧ ಸಾವೇರಿ, ಕರಿ ಎರಡು ಶುದ್ಧ ಧನ್ಯಾಸಿ. ಆದರೆ ಪ್ರತಿ ಸಲ ತಂಬೂರಿ ಆ್ಯಪಿನಲ್ಲಿ ಶ್ರುತಿಯನ್ನೂ ಆ ಷಡ್ಜಕ್ಕೇ ಬದಲಾಯಿಸಬೇಕು, ಇಲ್ಲದಿದ್ದರೆ ಕಿವಿಗೆ ಎಲ್ಲ ಒಂದೇ ಥರ ಕೇಳುತ್ತೆ. ಹಿಂದೋಳಕ್ಕೆ ಬಂದಾಗ ಹಿಂದಿನ ಬೆಂಚಿನ ಹುಡುಗ "ಸಾರ್, ಅವೇ ಮನೆ ಒತ್ತುತಾ ಇದೀನಿ, ಆದ್ರೆ ಇದ್ಯಾಕೋ ಗುಡಿ ಒಳಕ್ಕೆ ಹೋದಂಗೆ ಐತೆ" ಅಂದ. ಅವನಿಗೆ ರಾಗ ಅಂದರೆ ಏನು ಅಂತ ನಾನು ಬೇರೆ ವಿವರಿಸಬೇಕಾಗಲಿಲ್ಲ.

ಅದಾದ ಮೇಲೇ ಆಲಾಪನೆ, ಅಂದರೆ ತಾಳವಿಲ್ಲದೆ ರಾಗವನ್ನು ಬಿಡಿಸಿ ಹಾಡುವುದು, ಹಾಕಿದ್ದು. ನಾಲ್ಕೇ ನಿಮಿಷ. ಹಾಡುವವರು ಷಡ್ಜಕ್ಕೆ ಬಂದು ನಿಂತಾಗ ಕೈ ಎತ್ತಬೇಕು, ಅಷ್ಟೇ. ಕಣ್ಣು ಮುಚ್ಚಿಕೊಂಡು, ಕೈ ಅರ್ಧಕ್ಕೆ ಎತ್ತಿ, ಅಲ್ಲ ಅನ್ನಿಸಿ ಮತ್ತೆ ಇಳಿಸುವ ಆ ಮುಖಗಳನ್ನು ನೀವು ನೋಡಬೇಕಿತ್ತು.

ಭೀಮಸೇನ ಜೋಶಿಯವರ ಕಥೆಯನ್ನು ಹಾಡಿಗಿಂತ ಮೊದಲೇ ಹೇಳುತ್ತೇನೆ. ಗದಗದ ಕಡೆಯ ಹುಡುಗ, ಅಬ್ದುಲ್ ಕರೀಂ ಖಾನರ ಗ್ರಾಮಫೋನ್ ರೆಕಾರ್ಡ್ ಕೇಳಿ ಹುಚ್ಚು ಹಿಡಿಸಿಕೊಂಡು, ಹನ್ನೊಂದರ ವಯಸ್ಸಿಗೆ ಮನೆ ಬಿಟ್ಟು, ಟಿಕೆಟ್ಟಿಲ್ಲದೆ ರೈಲು ಹತ್ತಿ, ಗ್ವಾಲಿಯರ್, ಜಲಂಧರ್ ಅಂತ ಗುರುವನ್ನು ಹುಡುಕಿದ್ದು. ಕೊನೆಗೆ ಗುರು ಸಿಕ್ಕಿದ್ದು ಹುಬ್ಬಳ್ಳಿ ಪಕ್ಕದ ಕುಂದಗೋಳದಲ್ಲಿ, ಸವಾಯಿ ಗಂಧರ್ವರು. ಮನೆಯವರು ಎಷ್ಟು ಹೆದರಿರಬೇಕು ಅನ್ನೋದನ್ನೂ ಮಾತಾಡುತ್ತೇವೆ. ಆ ಮಾತು ಆಗಲೇಬೇಕು ಅಂತ ನನಗನ್ನಿಸುತ್ತೆ, ಅವರದ್ದೂ ಹೆಚ್ಚುಕಮ್ಮಿ ಅದೇ ವಯಸ್ಸಲ್ವಾ.

ಜೀವನ ಚರಿತ್ರೆ ಅಂದರೆ ದಪ್ಪ ಪುಸ್ತಕ ಅಂದುಕೊಂಡಿದ್ದರು. ಬಾದಾಮಿಯ ಬಂಡೆ ಮೇಲೆ ಸುಮಾರು ಕ್ರಿ.ಶ. 700ರಲ್ಲಿ ಕೆತ್ತಿದ ಕಪ್ಪೆ ಅರಭಟ್ಟ ಅನ್ನುವ ವೀರನ ಬಗೆಗಿನ ತ್ರಿಪದಿ ಬರೆದು ತೋರಿಸಿದೆ. "ಸಾಧುಗೆ ಸಾಧು, ಮಾಧುರ್ಯಂಗೆ ಮಾಧುರ್ಯಂ" ಅಂತ ಶುರುವಾಗಿ, ಕಾಡಲು ಬಂದವರಿಗೆ ಮಾತ್ರ ಇವನು ಬೇರೆಯೇ ಅನ್ನುತ್ತದೆ. ಮೂರು ಸಾಲಿನಲ್ಲಿ ಒಬ್ಬ ಮನುಷ್ಯ. ನಿಮ್ಮ ಮನೆಯವರೊಬ್ಬರ ಬಗ್ಗೆ ಮೂರೇ ಸಾಲು ಬರೆದುಕೊಂಡು ಬನ್ನಿ, ಸುಮ್ನೆ ಹೊಗಳಬೇಡಿ ಅಂದೆ. ಎಂಟನೇ ಕ್ಲಾಸಿನ ಹುಡುಗಿ ತಂದಿದ್ದು ಇದು:

ಮಾತಿಗೆ ಮಾತು, ಮೌನಕ್ಕೆ ಮೌನ.
ಹುಲ್ಲಿನ ಹೊರೆ ಹೊತ್ತು ಏರಿ ಮೇಲೆ ಬರುವಾಗ
ಲಾರಿಗೂ ದಾರಿ ಬಿಡೋಳಲ್ಲ ನಮ್ಮಜ್ಜಿ.