ಲಿಫ್ಟ್ ಇಲ್ಲದೆ ಗೇರ್‌ಬಾಕ್ಸ್ ಬದಲಾಯಿಸಿದ್ದು: ನನ್ನ ಅನುಭವ

ಇಳಿಸುವುದೇನೋ ಇಳಿಸುತ್ತೀಯ, ಏರಿಸುವುದು ಹೇಗೆ? ಗ್ಯಾರೇಜಿನವರಿಂದ ಹಿಡಿದು ಗೆಳೆಯರ ತನಕ ಎಲ್ಲರೂ ಕೇಳಿದ್ದು ಇದನ್ನೇ. ಗಾಡಿ ಎತ್ತುವ ಲಿಫ್ಟ್ ಇಲ್ಲ, ಜೊತೆಗೆ ಇನ್ನೊಬ್ಬರಿಲ್ಲ, ನೆಲದ ಮೇಲೆ ಮಲಗಿ ಮಾಡುವ ಕೆಲಸ. ಈಗ ಬಾಕ್ಸ್ ಏರಿ ಕೂತಿದೆ. ಗಾಡಿ ಅದರ ಮೇಲೆ ಸಾವಿರಾರು ಕಿಲೋಮೀಟರ್ ಓಡಿದೆ. ಬೋಲ್ಟ್ ಬಿಗಿದು ಬಲವಂತವಾಗಿ ಎಳೆದು ಕೂರಿಸಿದ್ದಲ್ಲ, ಕೈಯಲ್ಲಿ ತಳ್ಳಿದರೆ ಹೋಗಿ ಕೂತಿದ್ದು. ಅದಕ್ಕೇ ಬರೆಯುತ್ತಿದ್ದೇನೆ.

ಗಾಡಿ ಹಿಂದಿನ ಚಕ್ರ ಎಳೆಯುವಂಥದ್ದು, ಐದು ಗೇರಿನ ಮ್ಯಾನುಯಲ್. ಬೆಲ್ ಹೌಸಿಂಗ್ (ಇಂಜಿನ್ನಿಗೆ ಕೂಡುವ ಗಂಟೆಯಾಕಾರದ ಮುಂಭಾಗ) ಸೇರಿ ಬಾಕ್ಸ್ 40 ಕಿಲೋ ಹತ್ತಿರ ಬರುತ್ತದೆ. ಎರಡನೇ ಗೇರ್ ಹಾಕಿದರೆ ತಾನೇ ಬಿಟ್ಟು ನ್ಯೂಟ್ರಲ್‌ಗೆ ಹಾರುತ್ತಿತ್ತು. ನ್ಯೂಟ್ರಲ್‌ನಲ್ಲಿ ಕೂಗು, ಕ್ಲಚ್ ಒತ್ತಿದರೆ ಸದ್ದು ಬಂದ್. ಬಾಕ್ಸಿನ ಒಳಗಿನ ಗೇರ್, ಬೇರಿಂಗ್ ಸವೆದಿವೆ ಅಂತ ಅರ್ಥ.

ವರ್ಕ್‌ಶಾಪಿನವರು ಕೇಳಿದ ಮೊತ್ತದಲ್ಲಿ ಹೆಚ್ಚುಕಡಿಮೆ ಅರ್ಧ ಕೂಲಿಯೇ ಇತ್ತು. ಆ ಕೂಲಿಯ ದುಡ್ಡಿನಲ್ಲಿ ಒಳ್ಳೆಯ ಟ್ರಾಲಿ ಜ್ಯಾಕ್, ನಾಲ್ಕು ದಪ್ಪ ಸ್ಟ್ಯಾಂಡ್, ಬೋಲ್ಟನ್ನು ಅಳತೆಗೆ ಬಿಗಿಯುವ ಟಾರ್ಕ್ ರೆಂಚ್ ಬಂದವು. ಇನ್ನೂ ಸ್ವಲ್ಪ ಮಿಕ್ಕಿತು. ಟೂಲ್ಸ್ ಮನೆಯಲ್ಲೇ ಉಳಿದವು, ಕೂಲಿ ಕೊಟ್ಟಿದ್ದರೆ ಹೋಗಿಯೇ ಹೋಗುತ್ತಿತ್ತು. ಬಾಕ್ಸ್ ಗುಜರಿಯದು. ಹಳೆಯದನ್ನು ಬಿಚ್ಚಿ ಸಿಂಕ್ರೋ (ಗೇರ್ ಸಲೀಸಾಗಿ ಕೂಡಿಸುವ ಬಳೆ), ಬೇರಿಂಗ್ ಎಲ್ಲ ಹಾಕಿಸುವ ಖರ್ಚಿನ ಮೂರನೇ ಒಂದು ಪಾಲಿಗೆ ಸಿಕ್ಕಿತು.

ಗುಜರಿ ಬಾಕ್ಸನ್ನು ಮಾತು ನಂಬಿ ತರಬಾರದು. ನಾನು ಅಲ್ಲೇ ಇಂಜಿನ್ ಕಡೆಯ ಇನ್‌ಪುಟ್ ಶಾಫ್ಟಿಗೆ, ಚಕ್ರದ ಕಡೆಯ ಔಟ್‌ಪುಟ್ಟಿಗೆ ಚಾಕ್‌ಪೀಸಿನ ಗುರುತು ಹಾಕಿ ಪ್ರತಿ ಗೇರಿನಲ್ಲೂ ತಿರುಗಿಸಿ ಎಣಿಸಿದೆ. ನಾಲ್ಕನೆಯದರಲ್ಲಿ ಇನ್‌ಪುಟ್ಟಿನ ಒಂದು ಸುತ್ತಿಗೆ ಔಟ್‌ಪುಟ್ ಒಂದು ಸುತ್ತು ಬರಬೇಕು, ಬಂತು. ಮೊದಲನೆಯದರಲ್ಲಿ ಔಟ್‌ಪುಟ್ಟಿನ ಒಂದು ಸುತ್ತಿಗೆ ಇನ್‌ಪುಟ್ ಸುಮಾರು ಮೂರೂವರೆ ಸುತ್ತು. ಕ್ಲಚ್ ಪ್ಲೇಟಿನೊಳಗೆ ಕೂರುವ ಶಾಫ್ಟಿನ ಸ್ಪ್ಲೈನ್ ಹಲ್ಲು ಎಣಿಸಿದೆ, ಶಾಫ್ಟಿನ ತುದಿಯನ್ನು ಕ್ಯಾಲಿಪರ್‌ನಲ್ಲಿ ಅಳೆದೆ. "ಒಂದೇ ಮಾಡೆಲ್" ಅಂತ ತೋರಿಸಿದ ಇನ್ನೊಂದು ಬಾಕ್ಸಿನಲ್ಲಿ ಸ್ಪ್ಲೈನ್ ಬೇರೆಯೇ ಇತ್ತು. ಅದನ್ನು ತಂದಿದ್ದರೆ ದುಡ್ಡೂ ಹೋಗುತ್ತಿತ್ತು, ಶ್ರಮವೂ ಹೋಗುತ್ತಿತ್ತು.

ಇಳಿಸುವ ಭಾಗ ಬೇಗ ಹೇಳಿ ಮುಗಿಸುತ್ತೇನೆ. ಆಯಿಲ್ ಬಿಡುವ ಮೊದಲು ಮೇಲಿನ ಫಿಲ್ಲರ್ ಪ್ಲಗ್ ಬಿಚ್ಚಿಕೊಳ್ಳುತ್ತದಾ ನೋಡಿ, ಇಲ್ಲದಿದ್ದರೆ ಮತ್ತೆ ಆಯಿಲ್ ತುಂಬಲಾಗುವುದಿಲ್ಲ. ಬಾಕ್ಸಿನಿಂದ ಹಿಂದಿನ ಚಕ್ರದ ಕಡೆ ಹೋಗುವ ಪ್ರೊಪೆಲ್ಲರ್ ಶಾಫ್ಟಿನ ಫ್ಲ್ಯಾಂಜಿಗೆ (ಬೋಲ್ಟ್ ಹಾಕಿ ಕೂಡಿಸುವ ಅಂಚಿಗೆ) ಪೇಂಟ್ ಗುರುತು ಹಾಕಿ, ಮರಳಿ ಅದೇ ಜಾಗಕ್ಕೆ ಕೂರಿಸಲು. ಕ್ಲಚ್ ತಳ್ಳುವ ಸ್ಲೇವ್ ಸಿಲಿಂಡರನ್ನು ಪೈಪ್ ಬಿಚ್ಚದೆ ತಂತಿ ಕಟ್ಟಿ ಪಕ್ಕಕ್ಕೆ ತೂಗಿಬಿಟ್ಟರೆ ಆಮೇಲೆ ಪೈಪಿನ ಗಾಳಿ ತೆಗೆಯುವ ಕೆಲಸ ಇಲ್ಲ. ತುಕ್ಕು ಹಿಡಿದ ಬೋಲ್ಟುಗಳಿಗೆ ಎಟಿಎಫ್ (ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್) ಮತ್ತು ಅಸಿಟೋನ್ ಸಮ ಪಾಲು ಬೆರೆಸಿ ಹಚ್ಚಿದೆ. ಪಕ್ಕದ ಬೋಲ್ಟಿಗೆ ಅಂಗಡಿಯ ಸ್ಪ್ರೇ ಹೊಡೆದು ಹೋಲಿಸಿಯೂ ನೋಡಿದೆ. ನನ್ನ ಕೈಗೆ ಮಿಶ್ರಣವೇ ಮೇಲು ಅನ್ನಿಸಿತು. ಹಚ್ಚಿ ಒಂದು ರಾತ್ರಿ ಬಿಡಬೇಕು, ಬೆಂಕಿಯಿಂದ ದೂರ ಇಡಬೇಕು.

ಬೆಲ್ ಹೌಸಿಂಗಿನ ಮೇಲಿನ ಎರಡು ಬೋಲ್ಟುಗಳೇ ಎಲ್ಲರ ತಲೆನೋವು. ಇಂಜಿನ್ನಿನ ತಳದ ಆಯಿಲ್ ಚೇಂಬರ್ ಕೆಳಗೆ ಮರದ ತುಂಡು ಇಟ್ಟು ಇಂಜಿನ್ನಿಗೆ ಆಸರೆ ಕೊಟ್ಟೆ. ಬಾಕ್ಸನ್ನು ಹೊರುವ ಅಡ್ಡತೊಲೆ, ಅಂದರೆ ಕ್ರಾಸ್ ಮೆಂಬರ್ ಬಿಚ್ಚಿ ಹಿಂಭಾಗವನ್ನು ತಗ್ಗಿಸಿದೆ. ಮುಂದೆ ಫ್ಯಾನು ಕವರಿಗೆ, ಹಿಂದೆ ಇಂಜಿನ್ನಿನ ಹೆಡ್ಡು ಫೈರ್‌ವಾಲಿಗೆ (ಇಂಜಿನ್ನಿಗೂ ಕೂರುವ ಜಾಗಕ್ಕೂ ನಡುವಿನ ಗೋಡೆಗೆ) ತಾಗದಂತೆ ನೋಡಿಕೊಳ್ಳಬೇಕು. ಆಮೇಲೆ ಉದ್ದದ ಎಕ್ಸ್‌ಟೆನ್ಷನ್, ತುದಿಯಲ್ಲಿ ಯುನಿವರ್ಸಲ್ ಜಾಯಿಂಟ್. ಅತೀ ಮೇಲಿನದಕ್ಕೆ ನಾನೇ ಬಗ್ಗಿಸಿ ಬೆಸೆದ ಸ್ಪ್ಯಾನರ್ ಒಂದಿದೆ, ಅದರ ಅಳತೆ ನನ್ನ ಹತ್ತಿರವೇ ಇರಲಿ.

ಏರಿಸುವುದರಲ್ಲಿ ದುಡ್ಡು, ಸಮಯ ಎರಡೂ ಕರಗಿದವು. ಗೇರ್ ಲಿವರಿನ ತೂತಿನಿಂದ ಬೆಲ್ಟ್ ಇಳಿಬಿಟ್ಟು, ಒಳಗಡೆ ಅಡ್ಡಪಟ್ಟಿ ಇಟ್ಟು ಎಳೆಯುವ ಉಪಾಯ ಹಲವರು ಹೇಳುತ್ತಾರೆ. ಬಾಕ್ಸ್ ಮೇಲೇನೋ ಬರುತ್ತದೆ, ಮೂತಿ ಮಾತ್ರ ಜೋಕಾಲಿಯಂತೆ ಆಡುತ್ತದೆ, ಕೋನ ನಿಲ್ಲುವುದಿಲ್ಲ. ಬರೀ ಟ್ರಾಲಿ ಜ್ಯಾಕಿನ ಮೇಲೆ ಇಟ್ಟರೆ ಬಾಕ್ಸ್ ಮಗ್ಗುಲಾಗುತ್ತದೆ. ಜ್ಯಾಕಿಗೆ ಸಿಗಿಸುವ ರೆಡಿಮೇಡ್ ಅಡಾಪ್ಟರ್‌ಗೆ ಸುರಿದ ದುಡ್ಡು ಪೂರ್ತಿ ದಂಡ. ಅದರ ತಿರುಪು ಭಾರಕ್ಕೆ ಜಾರಿ ಇಳಿಯುತ್ತಿತ್ತು. ಕೊನೆಗೆ ದಪ್ಪ ಪ್ಲೈವುಡ್ಡಿನಲ್ಲಿ ಬಾಕ್ಸಿನ ಹೊಟ್ಟೆಯ ಆಕಾರಕ್ಕೆ ತೊಟ್ಟಿಲು ಕೊರೆದೆ. ಕೆಳಗೆ ಎರಡು ಬೆಣೆ, ಮೇಲೆ ಒಂದು ಪಟ್ಟಿ. ಬೆಣೆ ಒಳಗೆ ಸರಿಸಿದರೆ ಮೂತಿ ಏಳುತ್ತದೆ, ಹೊರಗೆಳೆದರೆ ಇಳಿಯುತ್ತದೆ.

ಇಷ್ಟಾದರೂ ಇಂಜಿನ್ನಿಗೂ ಬಾಕ್ಸಿಗೂ ನಡುವೆ ಕೊನೆಯ ಒಂದು ಬೆರಳು ಅಂತರ ಮುಚ್ಚಲಿಲ್ಲ. ಬೋಲ್ಟ್ ಹಾಕಿ ಎಳೆದುಬಿಡು ಅಂದವರು ಬಹಳ. ಬೋಲ್ಟ್ ಕೂರುವ ಅಲ್ಯೂಮಿನಿಯಂ ಕಿವಿ ಮುರಿದರೆ ಬಾಕ್ಸೇ ದಂಡ. ಬಾಕ್ಸಿನ ಭಾರ ಶಾಫ್ಟಿನ ಮೂಲಕ ಕ್ಲಚ್ ಪ್ಲೇಟಿನ ಮೇಲೆ ಬಿದ್ದರೆ ಪ್ಲೇಟಿನ ನಡುವಿನ ಹಬ್ ಸೊಟ್ಟಗಾಗುತ್ತದೆ. ನಾನು ಮತ್ತೆ ಕೆಳಗಿಳಿಸಿದೆ.

ಕಾರಣ ಎರಡು ಸಿಕ್ಕವು. ಕ್ಲಚ್ ಪ್ಲೇಟನ್ನು ನಡುಮಧ್ಯಕ್ಕೆ ಕೂರಿಸುವ ಪ್ಲಾಸ್ಟಿಕ್ ಅಲೈನ್‌ಮೆಂಟ್ ಟೂಲ್, ಪೈಲಟ್ ಬೇರಿಂಗಿನಲ್ಲಿ (ಇಂಜಿನ್ ಕಡೆ ಇನ್‌ಪುಟ್ ಶಾಫ್ಟಿನ ತುದಿ ಕೂರುವ ಬೇರಿಂಗ್) ಸಡಿಲವಾಗಿ ಆಡುತ್ತಿತ್ತು. ಹಳೇ ಬಾಕ್ಸ್ ಹೇಗೂ ಸತ್ತಿದೆ ಅಂತ ಅದನ್ನು ಬಿಚ್ಚಿ ಇನ್‌ಪುಟ್ ಶಾಫ್ಟನ್ನೇ ತೆಗೆದು ಟೂಲ್ ಮಾಡಿಕೊಂಡೆ. ಇದಕ್ಕಿಂತ ನಿಖರವಾದದ್ದು ಎಲ್ಲಿ ಸಿಗುತ್ತದೆ? ಎರಡನೆಯದು ಕೋನ. ಮೊಬೈಲಿನ ಲೆವೆಲ್ ಆಪನ್ನು ಮೊದಲು ಇಂಜಿನ್ನಿನ ಹಿಂಭಾಗದ ಮುಖಕ್ಕೆ ಹಿಡಿದೆ, ಆಮೇಲೆ ಬೆಲ್ ಹೌಸಿಂಗಿನ ಮುಖಕ್ಕೆ. ಎರಡು ಡಿಗ್ರಿ ಹತ್ತಿರ ವ್ಯತ್ಯಾಸ ಇತ್ತು. ಕಣ್ಣಿಗೆ ಅದು ಕಾಣುವುದೇ ಇಲ್ಲ. ಬೆಣೆಯಿಂದ ಅರ್ಧ ಡಿಗ್ರಿಯ ಒಳಗೆ ತಂದೆ.

ಜೊತೆಗೆ ಎರಡು ಉದ್ದ ಬೋಲ್ಟುಗಳ ತಲೆ ಕೊಯ್ದು, ತುದಿಗೆ ಸ್ಕ್ರೂಡ್ರೈವರ್ ಗೀರು ಹಾಕಿ, ಬೆಲ್ ಹೌಸಿಂಗಿನ ಎರಡು ಬದಿಯ ತೂತುಗಳ ಎದುರು ಇಂಜಿನ್ನಿಗೆ ತಿರುಗಿಸಿಟ್ಟೆ. ಬಾಕ್ಸ್ ಅವುಗಳ ಮೇಲೆ ಜಾರುತ್ತಾ ಬಂತು. ನಾಲ್ಕನೇ ಗೇರ್ ಹಾಕಿ ಔಟ್‌ಪುಟ್ ಶಾಫ್ಟನ್ನು ಸ್ವಲ್ಪ ತಿರುಗಿಸಿದರೆ ಸ್ಪ್ಲೈನ್ ಕೂಡಿಕೊಳ್ಳುತ್ತದೆ. ಸುತ್ತಲಿನ ಸಂದಿಗೆ ಒಂದೇ ಅಳತೆಯ ಡ್ರಿಲ್ ಬಿಟ್ಟಿನ ಹಿಂದಿನ ತುದಿ ತೂರಿಸಿ ನೋಡಿದೆ. ನಾಲ್ಕೂ ಕಡೆ ಸಮ. ಅಂಗೈಯಲ್ಲಿ ತಳ್ಳಿದೆ. ಜಾಗ ಸರಿಯಾಗಿ ಹಿಡಿಯುವ ಡವಲ್ ಪಿನ್ ಮೇಲೆ ಟಕ್ ಅಂತ ಕೂತಿತು. ಆ ಖುಷಿ ಮಾಡಿದವರಿಗೇ ಗೊತ್ತು.

ಪೈಲಟ್ ಬೇರಿಂಗ್ ಬಗ್ಗೆ ಒಂದು ಮಾತು. ಹಳೆಯದನ್ನು ತೆಗೆಯಲು ಗ್ರೀಸ್ ತುಂಬಿ ರಾಡ್ ಹೊಡೆಯುವ ವಿಧಾನ ನನಗೆ ಫಲ ಕೊಡಲಿಲ್ಲ, ಗ್ರೀಸೆಲ್ಲ ಬದಿಯಿಂದ ಚಿಮ್ಮಿತು. ನೆನೆಸಿದ ಪೇಪರ್ ತುರುಕಿ ಹೊಡೆದೆ, ಸಲೀಸಾಗಿ ಬಂತು. ಆಮೇಲೆ ಒರೆಸುವ ಕೆಲಸವೂ ಕಡಿಮೆ.

ಬಾಕ್ಸಿಗೆ ಹಾಕಿದ ಆಯಿಲ್ ಜಿಎಲ್-4 ದರ್ಜೆಯದು ಮಾತ್ರ. ಜಿಎಲ್-5ನಲ್ಲಿರುವ ಗಂಧಕದ ಅಂಶ ಹಿತ್ತಾಳೆ ಸಿಂಕ್ರೋಗಳಿಗೆ ಒಳ್ಳೆಯದಲ್ಲ. ಮೊದಲು 80ಡಬ್ಲ್ಯೂ-90 ಹಾಕಿದ್ದೆ, ಬೆಳಗ್ಗೆ ಎರಡನೇ ಗೇರ್ ಬಿಗಿ ಅನ್ನಿಸಿತು. ತಣ್ಣಗಿದ್ದಾಗ ಅದಕ್ಕಿಂತ ತೆಳುವಾಗಿರುವ 75ಡಬ್ಲ್ಯೂ-90ಕ್ಕೆ ಬದಲಿಸಿದೆ, ಸಲೀಸಾಯ್ತು. ಸುಮಾರು ಐನೂರು ಕಿಲೋಮೀಟರ್ ಆದ ಮೇಲೆ ಕ್ರಾಸ್ ಮೆಂಬರ್ ಬೋಲ್ಟುಗಳಿಗೆ ಮತ್ತೆ ಟಾರ್ಕ್ ರೆಂಚ್ ಹಿಡಿದೆ, ಒಂದು ಕೂದಲೆಳೆಯಷ್ಟು ತಿರುಗಿತು. ಉಳಿದವು ಅಲ್ಲಾಡಲಿಲ್ಲ. ಈಗ ಅದೇ ತೊಟ್ಟಿಲನ್ನು ಅಗಲ ಮಾಡುತ್ತಿದ್ದೇನೆ. ಗೆಳೆಯನ ಫೋರ್ ವ್ಹೀಲ್ ಡ್ರೈವ್ ಗಾಡಿಯ ಟ್ರಾನ್ಸ್‌ಫರ್ ಕೇಸ್ (ಮುಂದಿನ, ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಪೆಟ್ಟಿಗೆ) ಇಳಿಸಬೇಕಿದೆ.