ಮೈಕ್ರೋಪ್ಲಾನ್ ಶಾಲೆಯಲ್ಲಲ್ಲ, ಕೇರಿಯಲ್ಲಿ: ನನ್ನ ಅನುಭವ

"ಜನರನ್ನು ಕೇಳಿ ಕಾಡಿನ ಯೋಜನೆ ಮಾಡೋಕೆ ಹೋದ್ರೆ ರಸ್ತೆ, ಸಭಾಭವನ, ಅಡುಗೆ ಪಾತ್ರೆ ಕೇಳ್ತಾರೆ ಅಷ್ಟೇ." ಹೀಗೆ ನನಗೆ ಹೇಳದವರೇ ಇಲ್ಲ. ನಾನು ಅರಣ್ಯ ಇಲಾಖೆಯಲ್ಲಿದ್ದೇನೆ. ಶಿರಸಿ ಕಡೆಯ ಒಂದು ಗ್ರಾಮ ಅರಣ್ಯ ಸಮಿತಿಯಲ್ಲಿ ಮಾಡಿದ ಮೈಕ್ರೋಪ್ಲಾನ್, ಅಂದರೆ ಊರಿನವರೂ ಇಲಾಖೆಯೂ ಸೇರಿ ಊರಿನ ಕಾಡಿಗೆ ಮಾಡುವ ಯೋಜನೆ, ನನಗೆ ವರ್ಗವಾದ ಮೇಲೂ ನಡೆಯುತ್ತಿದೆ. ಈಗ ಹಾಗೆ ಹೇಳಿದವರೇ ಫೋನ್ ಮಾಡಿ ಹೇಗೆ ಮಾಡಿದಿರಿ ಅಂತ ಕೇಳುತ್ತಾರೆ. ಜಂಟಿ ಅರಣ್ಯ ಯೋಜನೆಯ 1993ರ ಸರ್ಕಾರಿ ಆದೇಶ, ಅರಣ್ಯ ಕಾಯ್ದೆಯ 31-ಎ ಕಲಂ, ಇಲಾಖೆ-ಸಮಿತಿಯ ಜಂಟಿ ಖಾತೆ ಎಲ್ಲ ನಿಯಮದ ಮಾತು. ಅದನ್ನು ಬಿಡುತ್ತೇನೆ.

ಮೊದಲಿನ ಪದ್ಧತಿ ಅಂದರೆ ಶಾಲೆಯಲ್ಲಿ ಸಭೆ, ಪುಸ್ತಕದಲ್ಲಿ ಸಹಿ, ಚಹಾ. ಮಾತಾಡುವವರು ಅಡಿಕೆ ತೋಟದವರು ಮಾತ್ರ. ಅವರಿಗೆ ಎಕರೆ ತೋಟಕ್ಕೆ 9 ಎಕರೆವರೆಗೆ ಸೊಪ್ಪಿನ ಬೆಟ್ಟ (ತೋಟಕ್ಕೆ ಸೊಪ್ಪು ತರಲು ಬಿಟ್ಟ ಕಾಡು) ಇದೆ. ಕಟ್ಟಿಗೆ ಹೊರುವವರು, ದನ ಬಿಡುವವರು ಬಾಗಿಲ ಹತ್ತಿರ ನಿಂತು ಹೋಗುತ್ತಿದ್ದರು. ಕೊನೆಗೆ ತಯಾರಾದ ಯೋಜನೆ: ಅಕೇಸಿಯಾ ನೆಡುವುದು, ಸುತ್ತ ಅಗಳ (ದನ ತಡೆಯುವ ಕಂದಕ). ಅಗಳಕ್ಕೇ ಹೆಚ್ಚುಕಮ್ಮಿ 1 ಲಕ್ಷ ಹೋಯಿತು. ಎರಡನೇ ಮಳೆಗಾಲಕ್ಕೆ ಎರಡು ಕಡೆ ಅದನ್ನು ಮುಚ್ಚಿ ದನದ ದಾರಿ ಮಾಡಿದ್ದರು. ಯಾರು ಮಾಡಿದ್ದು ಅಂತ ಎಲ್ಲರಿಗೂ ಗೊತ್ತು, ಕೇಳಿದರೆ ಯಾರಿಗೂ ಗೊತ್ತಿಲ್ಲ!

ನಾನು ಶಾಲೆಯ ಸಭೆ ಬಿಟ್ಟು ಸಂಜೆ ಹೊತ್ತು ಕೇರಿಗಳಿಗೆ ಹೋಗತೊಡಗಿದೆ. ಏನು ನೆಡಬೇಕು ಅಂತ ಕೇಳಲೇ ಇಲ್ಲ. ಏನು ತರ್ತೀರಿ, ಎಲ್ಲಿಂದ, ಯಾವ ತಿಂಗಳಲ್ಲಿ, ಇಷ್ಟೇ. "ನೀವು ಅಕೇಸಿಯಾ ಹಾಕಿದ್ದು ನಮ್ಮ ದರಕಿನ ಜಾಗ ಸಾಹೇಬ್ರೆ, ಈಗ ಗುಡ್ಡದ ಆಚೆ ಹೋಗ್ಬೇಕು" ಅಂದರು ಒಬ್ಬರು. ದರಕು ಅಂದರೆ ಉದುರಿದ ಒಣ ಎಲೆ. ನಕ್ಷೆಯಲ್ಲಿ ಅದು ಸುಮ್ನೆ ಖಾಲಿ ಜಾಗ.

ಆಮೇಲೆ ಅವರ ಜೊತೆಗೇ ಕಾಡು ಸುತ್ತಿದೆವು. ಉಳಿಸಬೇಕಾದ ಮರಕ್ಕೆ ಬಣ್ಣ ಹಚ್ಚಬೇಡಿ. ಕಡಿಯೋಕೆ ಮಾರ್ಕಿಂಗ್ ಆಯ್ತು ಅಂತ ಊರೆಲ್ಲ ಸುದ್ದಿಯಾಗುತ್ತದೆ. ನಾವು ಹಳೇ ಸೀರೆ ಹರಿದು ಪಟ್ಟಿ ಕಟ್ಟಿದೆವು. ಕೆಂಪು ಪಟ್ಟಿ ಉಪ್ಪಾಗೆಗೆ (ಹುಳಿ ಹಣ್ಣಿನ ಮರ, ಸಿಪ್ಪೆ ಒಣಗಿಸಿ ಮಾರುತ್ತಾರೆ), ಹಸಿರು ಪಟ್ಟಿ ಸೊಪ್ಪಿನ ಮರಕ್ಕೆ. ಸುತ್ತಲು ಬಂದವರಿಗೆ ಸಮಿತಿ ಖಾತೆಯಿಂದ ಅರ್ಧ ದಿನದ ಕೂಲಿ ಕೊಟ್ಟೆ. ಎಲ್ಲ ಸೇರಿ 14-15 ಸಾವಿರ ಆಗಿರಬೇಕು. ಲೆಕ್ಕ ತಪಾಸಣೆಯಲ್ಲಿ ಆಕ್ಷೇಪ ಬಂತು. ಕೂಲಿ ಬಿಟ್ಟು ಬರುವವರಿಗೆ ಕೂಲಿ ಕೊಡದಿದ್ದರೆ ಮತ್ತೆ ತೋಟದವರೇ ಬರ್ತಾರೆ ಅಲ್ವಾ? ಹಾಗೇ ಬರೆದು ಕೊಟ್ಟೆ, ಒಪ್ಪಿದರು.

ದೊಡ್ಡ ಜಗಳ ಉಪ್ಪಾಗೆಯದು. ನಾನು ಬಿಟ್ಟರೆ ಇನ್ನೊಬ್ಬ ಒಯ್ಯುತ್ತಾನೆ ಅಂತ ಕಾಯಿ ಬಲಿಯುವ ಮೊದಲೇ ಕೊಂಬೆ ಸಮೇತ ಇಳಿಸುತ್ತಿದ್ದರು. ಕೊಯ್ಲಿಗೆ ದಿನ ಗೊತ್ತು ಮಾಡಿದೆವು. ಮೊದಲ ವರ್ಷ ನಮ್ಮವರು ಕಾದರು, ಪಕ್ಕದೂರಿನವರು ಬೋಳಿಸಿಕೊಂಡು ಹೋದರು. ಇದು ಆಗೋ ಮಾತಲ್ಲ ಅಂತ ಮೇಲಿನವರು ನಕ್ಕರು. ಮರುವರ್ಷ ಎರಡೂ ಊರನ್ನು ಒಂದೇ ಚಾಪೆಯಲ್ಲಿ ಕೂರಿಸಿದೆ. ಹೇಗೆ ಅಂತ ಇಲ್ಲಿ ಬರೆಯೋದಿಲ್ಲ, ಈಗಿರುವ ಊರಲ್ಲೂ ಅದು ಬೇಕಾಗುತ್ತದೆ. ಆ ವರ್ಷ ಸಿಪ್ಪೆ ದಪ್ಪ ಬಂತು, ವ್ಯಾಪಾರಿ ಕಿಲೋಗೆ 15-20 ರೂಪಾಯಿ ಜಾಸ್ತಿಯೇ ಕೊಟ್ಟ.

ನಡುವೆ ಇನ್ನೊಂದು ಹುಚ್ಚು. ಹಳ್ಳದ ಬದಿಯ ಕಾಡುಮಾವಿನ ಸಸಿಗಳಿಗೆ ಅಪ್ಪೆಮಿಡಿ (ಉಪ್ಪಿನಕಾಯಿಯ ಮಾವು) ಕಸಿ ಕಟ್ಟಿದೆವು. ಸುಮಾರು 60 ಕಟ್ಟಿದ್ದರಲ್ಲಿ 20 ಚಿಗುರಿದವು, ಅದರಲ್ಲೂ ಅರ್ಧ ಜಿಂಕೆಯ ಪಾಲು. ಎತ್ತರದಲ್ಲಿ ಕಟ್ಟಿದವು ಮಾತ್ರ ಉಳಿದಿವೆ. ಮಿಡಿ ಬಿಟ್ಟ ಸುದ್ದಿ ಇನ್ನೂ ಬಂದಿಲ್ಲ.

ದರಕಿನ ಜಾಗಕ್ಕೆ ಮತ್ತೆ ಅಗಳ ಹೊಡೆಯಲಿಲ್ಲ. ದನದ ದಾರಿಯನ್ನು ಯೋಜನೆಯಲ್ಲೇ ಬರೆದೆವು. ಅದೊಂದೇ ಸಾಲು ಬರೆದಿದ್ದಕ್ಕೆ ಬೇಲಿಯ ಖರ್ಚು ಮುಕ್ಕಾಲು ಪಾಲು ಉಳಿಯಿತು. ಈಗ ಅಲ್ಲಿ ಹೊಸ ತಕರಾರು: ಅಕೇಸಿಯಾ ಕಟಾವಾದ ಮೇಲೆ ಏನು? ದುಡ್ಡು ಬರುತ್ತದೆ, ಮತ್ತೆ ಅದನ್ನೇ ಹಾಕಿ ಅಂತಾರೆ ತೋಟದವರು. ಕೇರಿಯ ಹೆಂಗಸರು ಹೊನ್ನೆ, ಮತ್ತಿ, ಉಪ್ಪಾಗೆ ಕೇಳುತ್ತಿದ್ದಾರೆ. ನನ್ನ ಮತ ಹೆಂಗಸರಿಗೆ. ಆದರೆ ಕಟಾವಿನ ಪಾಲು ಖಾತೆಗೆ ಬೀಳುವ ಮೊದಲೇ ಇದನ್ನು ಠರಾವು ಮಾಡಿಕೊಳ್ಳಿ ಅಂತ ಹೇಳಿದ್ದೇನೆ.